ವಿದ್ಯಾರ್ಥಿಗಳ ಪ್ರೋಗ್ರಾಂಗಳಲ್ಲಿ ಕಾಪಿ ಹಿಡಿಯುವುದು ಹೇಗೆ: ಕಾಸರಗೋಡಿನ ಕಂಪ್ಯೂಟರ್ ಅಧ್ಯಾಪಕರಿಗೆ ಹಂತ ಹಂತದ ಮಾರ್ಗದರ್ಶಿ

ಮಂಜೇಶ್ವರದಿಂದ ಹೊಸದುರ್ಗದವರೆಗೆ ಪ್ಲಸ್ ಟು, ಬಿಸಿಎ, ಬಿಎಸ್ಸಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುವವರ ದೂರು ಹೆಚ್ಚುಕಡಿಮೆ ಒಂದೇ. ‘ಸಾಫ್ಟ್‌ವೇರ್ 70 ಪರ್ಸೆಂಟ್ ತೋರಿಸಿತು. ಇಬ್ಬರಿಗೂ ಮಾರ್ಕು ಕಡಿಮೆ ಮಾಡಿದೆ. ಮನೆಯವರು ಬಂದು ಕೇಳಿದರು. ಪ್ರಿನ್ಸಿಪಾಲರ ಎದುರು ಹೇಳಲು ನನ್ನ ಹತ್ತಿರ ಆ ಒಂದು ಸಂಖ್ಯೆ ಬಿಟ್ಟರೆ ಬೇರೇನೂ ಇರಲಿಲ್ಲ.’

ಇಲ್ಲಿ ಎಡವಿದ್ದು ಕೆಲಸದ ಕ್ರಮದಲ್ಲಿ. ಪರ್ಸೆಂಟ್ ನೋಡುವ ಮೊದಲು ಮಾಡಬೇಕಾದ ನಾಲ್ಕೈದು ಕೆಲಸಗಳಿವೆ. ನೋಡಿದ ಮೇಲೆ ಮಾಡಬೇಕಾದದ್ದು ಇನ್ನೂ ಜಾಸ್ತಿ. ಎರಡನ್ನೂ ಬಿಟ್ಟು ನಡುವಿನ ಒಂದನ್ನು ಮಾತ್ರ ಮಾಡಿದರೆ ಹೀಗೇ ಆಗುತ್ತದೆ.

ವಿವರಿಸಲು ಸುಲಭವಾಗಲಿ ಎಂದು ಕೊನೆಯವರೆಗೂ ಒಂದೇ ಅಸೈನ್‌ಮೆಂಟನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ: ಅಡಿಕೆ ಅಂಗಡಿಯ ಬಿಲ್. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಐದು ವರ್ಗಗಳ ತೂಕ ಮತ್ತು ದರ ಕೊಟ್ಟರೆ ಪ್ರೋಗ್ರಾಂ ಬಿಲ್ ಮಾಡಿ ತೋರಿಸಬೇಕು. ಭಾಷೆ ಸಿ++ ಆಗಲಿ, ಪೈಥಾನ್ ಆಗಲಿ.

ಶುರು ಮಾಡುವ ಮೊದಲು: ಏನೇನು ಬೇಕು

ಒಂದು ಕಂಪ್ಯೂಟರ್, ಒಂದು ಪೆನ್‌ಡ್ರೈವ್, ಬರೆದಿಡಲು ಒಂದು ಪುಸ್ತಕ. ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಬೇಡ.

ಜೇಪ್ಲ್ಯಾಗ್ ನಿಮ್ಮ ಮುಖ್ಯ ಸಾಧನ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ತಯಾರಾದದ್ದು, ಮುಕ್ತ ತಂತ್ರಾಂಶ. ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಮಕ್ಕಳ ಫೈಲ್ ಎಲ್ಲಿಗೂ ಹೋಗುವುದಿಲ್ಲ. ಇದಕ್ಕೆ ಜಾವಾ ಬೇಕು, ಈಚಿನ ಆವೃತ್ತಿಗಳಿಗಾದರೆ ಜಾವಾ 21 ಅಥವಾ ಅದಕ್ಕಿಂತ ಮೇಲಿನದು. ಹಳೆ ಕಂಪ್ಯೂಟರಿನಲ್ಲಿ ಜಾವಾ 8 ಇದ್ದರೆ ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’ ಎಂದು ಬೈದು ನಿಂತುಬಿಡುತ್ತದೆ. ಫೈಲ್ ಹಾಳಾಗಿದೆ ಎಂದುಕೊಂಡು ಮತ್ತೆ ಮತ್ತೆ ಡೌನ್‌ಲೋಡ್ ಮಾಡಬೇಡಿ. ಜಾವಾ ಹೊಸದು ಹಾಕಿ, ಅಷ್ಟೆ.

ಮಾಸ್ ಎರಡನೆಯದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸರ್ವರಿನಲ್ಲಿದೆ, 1994ರಿಂದ ಬಳಕೆಯಲ್ಲಿದೆ. ಇಮೇಲ್ ಕಳಿಸಿ ನೋಂದಣಿ ಮಾಡಿಕೊಂಡರೆ ಒಂದು ಪರ್ಲ್ ಸ್ಕ್ರಿಪ್ಟ್ ಬರುತ್ತದೆ. ಆ ಇಮೇಲ್ ಬರೀ ಸಾದಾ ಅಕ್ಷರದಲ್ಲಿರಬೇಕು. ಬಣ್ಣ, ಲೋಗೋ, ಕೆಳಗೆ ತಾನಾಗಿ ಸೇರುವ ಸಹಿ ಇದ್ದರೆ ಉತ್ತರ ಬರುವುದಿಲ್ಲ. ‘ಮಾಸ್ ಕೆಲಸ ಮಾಡುವುದಿಲ್ಲ’ ಎನ್ನುವವರಲ್ಲಿ ಹಲವರು ಸಿಕ್ಕಿಬೀಳುವುದು ಇಲ್ಲೇ.

ಡೋಲೋಸ್ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ್ದು. ಬ್ರೌಸರಿನಲ್ಲಿ ಜಿಪ್ ಫೈಲ್ ಹಾಕಿದರೆ ಸಾಕು. ಕಮಾಂಡ್ ಟೈಪ್ ಮಾಡಲು ಹೆದರುವವರಿಗೆ ಒಳ್ಳೆಯದು. ಆದರೆ ಮಾಸ್‌ನಂತೆ ಇಲ್ಲೂ ಫೈಲ್ ಹೊರಗೆ ಹೋಗುತ್ತದೆ.

ಸರಕಾರಿ, ಅನುದಾನಿತ ಶಾಲೆಯವರಿಗೆ ಒಂದು ಅನುಕೂಲ ಇದೆ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳ ಸರಕಾರದ ಸಂಸ್ಥೆ ಕೈಟ್ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಉಬುಂಟು ಆಧಾರದ ವ್ಯವಸ್ಥೆ ಇರುತ್ತದೆ. ಪರ್ಲ್ ಅದರಲ್ಲೇ ಇದೆ. ಎರಡು ಫೈಲ್ ಹೋಲಿಸುವ ‘ಡಿಫ್’, ಫೈಲಿನ ಮುದ್ರೆ ತೆಗೆಯುವ ‘ಎಂಡಿ5ಸಮ್’ ಕೂಡ ಇವೆ.

ಪ್ರಬಂಧ, ಥೀಸಿಸ್ ಪರೀಕ್ಷಿಸುವ ಸಾಫ್ಟ್‌ವೇರನ್ನು ಮಾತ್ರ ಇದಕ್ಕೆ ಬಳಸಬೇಡಿ. ಅದು ಪದಗಳನ್ನು ನೋಡುತ್ತದೆ. ವೇರಿಯಬಲ್ ಹೆಸರು ಬದಲಿಸಿದ ಕೂಡಲೇ ಮೋಸಹೋಗುತ್ತದೆ. ಜೇಪ್ಲ್ಯಾಗ್ ಮೊದಲು ಹೆಸರು, ಕಾಮೆಂಟ್, ಖಾಲಿ ಜಾಗ ಎಲ್ಲವನ್ನೂ ಬದಿಗಿಟ್ಟು ಪ್ರೋಗ್ರಾಮನ್ನು ಟೋಕನ್‌ಗಳ ಸಾಲಾಗಿ ಮಾಡಿಕೊಳ್ಳುತ್ತದೆ: ಇಲ್ಲಿ ಒಂದು ಲೂಪ್, ಇಲ್ಲಿ ಒಂದು ಅಸೈನ್‌ಮೆಂಟ್, ಇಲ್ಲಿ ಲೂಪ್ ಮುಗಿಯಿತು, ಹೀಗೆ. ಆಮೇಲೆ ಇಬ್ಬರ ಸಾಲುಗಳಲ್ಲಿ ಉದ್ದುದ್ದ ಒಂದೇ ತರದ ತುಂಡುಗಳನ್ನು ಹುಡುಕುತ್ತದೆ. ಕದ್ದ ಸ್ಕೂಟರಿಗೆ ಬೇರೆ ನಂಬರ್ ಪ್ಲೇಟ್ ಹಾಕಿದರೂ ಎಂಜಿನ್ ನಂಬರ್ ಹಾಗೇ ಇರುತ್ತದಲ್ಲ, ಇದು ನೋಡುವುದು ಎಂಜಿನ್ ನಂಬರನ್ನು. ಫಂಕ್ಷನ್‌ಗಳನ್ನು ಮೇಲೆಕೆಳಗೆ ಮಾಡಿದರೂ ಸಿಕ್ಕಿಬೀಳುತ್ತದೆ. ನಡುನಡುವೆ ಕೆಲಸಕ್ಕೆ ಬಾರದ ಸಾಲು ತುರುಕಿದರೆ ಮಾತ್ರ ತುಂಡುಗಳು ಮುರಿದು ಹೋಲಿಕೆ ಕಡಿಮೆ ಕಾಣಿಸಬಹುದು. ಅದಕ್ಕೆ ಕೊನೆಗೆ ಕಣ್ಣಿನ ಕೆಲಸ ಬೇಕೇ ಬೇಕು.

ಹಂತ 1: ಅಸೈನ್‌ಮೆಂಟ್ ಕೊಡುವಾಗಲೇ ನಿಯಮ ಹೇಳಿ

ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ವ್ಯರ್ಥ. ‘ಚರ್ಚೆ ಮಾಡಬಹುದು ಅಂತ ನೀವೇ ಹೇಳಿದ್ರಲ್ಲ ಟೀಚರ್’ ಎಂದು ಮಗು ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಮೂರು ಸಾಲು ಸಾಕು. ಉಪಾಯದ ಬಗ್ಗೆ ಮಾತಾಡಬಹುದು, ಫೈಲ್ ಕೊಡುವ ಹಾಗಿಲ್ಲ. ಹೊರಗಿನಿಂದ ತೆಗೆದದ್ದನ್ನು ಎಲ್ಲಿಂದ ಎಂದು ಕಾಮೆಂಟಿನಲ್ಲಿ ಬರೆಯಬೇಕು. ಯಾರನ್ನು ಬೇಕಾದರೂ ವೈವಾಕ್ಕೆ ಕರೆಯಬಹುದು. ಇದನ್ನು ಪ್ರಶ್ನೆಯ ಕೆಳಗೇ ಅಚ್ಚು ಹಾಕಿ.

ಇನ್ನೊಂದು ಮಾತು. ಫ್ಯಾಕ್ಟೋರಿಯಲ್, ಪ್ಯಾಲಿಂಡ್ರೋಮ್, ಅವಿಭಾಜ್ಯ ಸಂಖ್ಯೆ ಇಂಥ ಹತ್ತು ಸಾಲಿನ ಪ್ರೋಗ್ರಾಂಗಳಲ್ಲಿ ಕಾಪಿ ಹುಡುಕಲು ಹೋಗಬೇಡಿ. ಅವನ್ನು ಬರೆಯಲು ಇರುವುದೇ ಎರಡು ಮೂರು ದಾರಿ. 40 ಮಕ್ಕಳೂ ಪ್ರಾಮಾಣಿಕವಾಗಿ ಬರೆದರೂ ಒಂದೇ ತರ ಕಾಣುತ್ತದೆ. ಅಡಿಕೆ ಬಿಲ್ ಹಾಗಲ್ಲ. ಒಬ್ಬಳು ಐದು ವರ್ಗಕ್ಕೆ ಅರೇ ಮಾಡುತ್ತಾಳೆ, ಇನ್ನೊಬ್ಬ ಸ್ಟ್ರಕ್ಚರ್ ಮಾಡುತ್ತಾನೆ, ಮತ್ತೊಬ್ಬ ಐದು ಇಫ್ ಬರೆದು ಕೈ ನೋಯಿಸಿಕೊಳ್ಳುತ್ತಾನೆ. ಆರಿಸಿಕೊಳ್ಳಲು ಜಾಗ ಇದ್ದಲ್ಲಿ ಮಾತ್ರ ಹೋಲಿಕೆಗೆ ಬೆಲೆ. ಅಸೈನ್‌ಮೆಂಟ್ 60–70 ಸಾಲಾದರೂ ಬರುವಂತೆ ಮಾಡಿ.

ಹಂತ 2: ಫೈಲ್ ತರಿಸುವ ಕ್ರಮ

ವಾಟ್ಸಾಪಿನಲ್ಲಿ ತರಿಸಬೇಡಿ. ಯಾವ ಫೈಲ್ ಯಾರದ್ದು, ಯಾವುದು ಮೊದಲ ಸಲದ್ದು, ಯಾವುದು ತಿದ್ದಿ ಕಳಿಸಿದ್ದು ಎಂದು ವಾರದ ನಂತರ ನಿಮಗೇ ಗೊತ್ತಾಗುವುದಿಲ್ಲ. ಆನ್‌ಲೈನ್ ತರಗತಿ ನಡೆಸುವ ಮೂಡಲ್ ತಂತ್ರಾಂಶ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಒಬ್ಬೊಬ್ಬರದ್ದು ಒಂದೊಂದು ಫೋಲ್ಡರಾಗಿ ಒಂದೇ ಜಿಪ್‌ನಲ್ಲಿ ಇಳಿಸಿಕೊಳ್ಳಬಹುದು. ಗೂಗಲ್ ಕ್ಲಾಸ್‌ರೂಮ್ ಆದರೂ ಆಗುತ್ತದೆ, ಫೋಲ್ಡರ್ ನೀವೇ ಮಾಡಬೇಕಾಗುತ್ತದೆ.

ಕೇಳಬೇಕಾದದ್ದು ಪ್ರೋಗ್ರಾಂ ಫೈಲನ್ನೇ. ವರ್ಡ್ ಫೈಲ್, ಪಿಡಿಎಫ್, ಮೊಬೈಲಿನಲ್ಲಿ ತೆಗೆದ ಫೋಟೋ ಒಪ್ಪಬೇಡಿ.

ಫೈಲ್ ಕೈಗೆ ಬಂದ ಕೂಡಲೇ ಮಾಡುವ ಕೆಲಸ: ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಬದಿಗಿಡಿ. ಅದನ್ನು ಮತ್ತೆ ಮುಟ್ಟಬಾರದು. ಮುಂದಿನ ಎಲ್ಲ ಕೆಲಸವೂ ಅದರ ಇನ್ನೊಂದು ಪ್ರತಿಯಲ್ಲಿ. ನೀವೇ ಒಂದು ಫೈಲ್ ತೆರೆದು ಸೇವ್ ಮಾಡಿದರೂ ತಾರೀಕು ಬದಲಾಗುತ್ತದೆ. ಆಮೇಲೆ ಪ್ರಶ್ನೆ ಬಂದಾಗ ಮೂಲ ಪ್ರತಿ ಬೇಕು.

ಕೆಲಸದ ಪ್ರತಿಯಲ್ಲಿ ಮಕ್ಕಳ ಹೆಸರು ತೆಗೆದು ಸಂಕೇತ ಹಾಕಿ: ಎ01, ಎ02, ಹೀಗೆ. ಪಟ್ಟಿ ನಿಮ್ಮ ಪುಸ್ತಕದಲ್ಲಿರಲಿ. ಫೈಲಿನ ಮೇಲ್ಗಡೆ ಕಾಮೆಂಟಿನಲ್ಲಿ ಹೆಸರು, ರಿಜಿಸ್ಟರ್ ನಂಬರ್ ಬರೆದಿರುತ್ತಾರೆ, ಅದನ್ನೂ ತೆಗೆಯಿರಿ. ಇದಕ್ಕೆ ಎರಡು ಕಾರಣ. ಮಾಸ್, ಡೋಲೋಸ್‌ಗೆ ಹಾಕುವುದಾದರೆ ಮಕ್ಕಳ ಹೆಸರು ವಿದೇಶದ ಸರ್ವರಿಗೆ ಹೋಗಬಾರದು. ಪ್ಲಸ್ ಟು ಮಕ್ಕಳು 18ರ ಒಳಗಿನವರು, ನೆನಪಿರಲಿ. ಇನ್ನೊಂದು, ಹೆಸರು ಕಂಡರೆ ನಾವು ಆಗಲೇ ತೀರ್ಮಾನ ಮಾಡಿಬಿಡುತ್ತೇವೆ. ‘ಇವನಾ, ಇವನು ಖಂಡಿತ ಕಾಪಿ’ ಅಂತ. ಸಂಕೇತ ಇದ್ದರೆ ಆ ಚಪಲಕ್ಕೆ ಕಡಿವಾಣ.

ಹಂತ 3: ಸಾಮಾನ್ಯವಾದದ್ದನ್ನು ಬೇರ್ಪಡಿಸಿ

ನೀವು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದ 20 ಸಾಲು ಎಲ್ಲರ ಪ್ರೋಗ್ರಾಮಿನಲ್ಲೂ ಇರುತ್ತದೆ. ಅದನ್ನು ಕಾಪಿ ಎನ್ನಲಾಗದು. ಸಾಫ್ಟ್‌ವೇರಿಗೆ ಇದು ಗೊತ್ತಿಲ್ಲ, ನೀವು ಹೇಳಬೇಕು. ಆ ಸಾಲುಗಳನ್ನು ಒಂದು ಫೈಲಿನಲ್ಲಿ ಹಾಕಿ. ಜೇಪ್ಲ್ಯಾಗಿನಲ್ಲಿ ಇದನ್ನು ‘ಬೇಸ್ ಕೋಡ್’ ಎಂದೂ, ಮಾಸ್‌ನಲ್ಲಿ ‘ಬೇಸ್ ಫೈಲ್’ ಎಂದೂ ಕೊಡಬಹುದು. ಪಠ್ಯಪುಸ್ತಕದಲ್ಲಿ ಹತ್ತಿರದ ಉದಾಹರಣೆ ಇದ್ದರೆ ಅದೂ ಇದರಲ್ಲೇ ಸೇರಲಿ.

ಈ ಹಂತ ಬಿಟ್ಟವರಿಗೆ ಒಂದು ಗುರುತು ಕಾಣಿಸುತ್ತದೆ: ಇಡೀ ತರಗತಿಯೇ 60 ಪರ್ಸೆಂಟಿನ ಮೇಲೆ ನಿಂತಿರುತ್ತದೆ. ಹಾಗೆ ಕಂಡರೆ ಮಕ್ಕಳನ್ನು ಬೈಯುವ ಮೊದಲು ಬೇಸ್ ಕೋಡ್ ಕೊಟ್ಟಿದ್ದೀರಾ ನೋಡಿ.

ಸೇರಿಸಬೇಕಾದದ್ದೂ ಇದೆ. ಹಿಂದಿನ ವರ್ಷದ ಫೈಲುಗಳು. ಅಣ್ಣ ಅಕ್ಕಂದಿರ ರೆಕಾರ್ಡ್ ಕೈಯಿಂದ ಕೈಗೆ ಹೋಗುವುದು ಯಾರಿಗೆ ಗೊತ್ತಿಲ್ಲ? ಜೇಪ್ಲ್ಯಾಗಿನಲ್ಲಿ ಹಳೆಯ ಸಲ್ಲಿಕೆಗಳಿಗೇ ಒಂದು ಆಯ್ಕೆ ಇದೆ. ಅದು ಹಳೆಯದನ್ನು ಹೊಸದರ ಜೊತೆ ಮಾತ್ರ ಹೋಲಿಸುತ್ತದೆ, ಹಳೆಯದು ಹಳೆಯದನ್ನು ಹೋಲಿಸಿ ಸಮಯ ಹಾಳು ಮಾಡುವುದಿಲ್ಲ. ಅಡಿಕೆ ಬಿಲ್ ತರಹದ ಲೆಕ್ಕಕ್ಕೆ ಇಂಟರ್‌ನೆಟ್ಟಿನಲ್ಲಿ ಮೊದಲಿಗೆ ಸಿಗುವ ನಾಲ್ಕೈದು ಪ್ರೋಗ್ರಾಂಗಳನ್ನು ಇಳಿಸಿ, ಅವನ್ನೂ ಈ ಹಳೆಯ ಸಲ್ಲಿಕೆಗಳ ಜೊತೆ ಹಾಕಿ.

ಹಂತ 4: ಸಾಫ್ಟ್‌ವೇರಿಗೆ ಮೊದಲು ಎರಡು ಸುಲಭದ ಪರೀಕ್ಷೆ

ಮೊದಲನೆಯದು ಮುದ್ರೆ. ಉಬುಂಟುವಿನಲ್ಲಿ ಎಲ್ಲ ಫೈಲಿಗೂ ಎಂಡಿ5ಸಮ್ ಓಡಿಸಿ, ಬಂದದ್ದನ್ನು ಅಕಾರಾದಿಯಾಗಿ ಜೋಡಿಸಿ. ಎರಡು ಫೈಲ್‌ಗಳ ಮುದ್ರೆ ಒಂದೇ ಇದ್ದರೆ ಅವು ಅಕ್ಷರ ಅಕ್ಷರ ಒಂದೇ. ಇದನ್ನು ಹೆಸರು ತೆಗೆಯದ ಮೂಲದ ಪ್ರತಿಯಲ್ಲೂ ಒಮ್ಮೆ ಮಾಡಿ, ಇದು ಫೈಲನ್ನು ಓದುತ್ತದೆ ಅಷ್ಟೆ, ಬದಲಿಸುವುದಿಲ್ಲ. ಹೆಸರು ಕೂಡ ಬದಲಿಸದೆ ಕಳಿಸುವವರು ಇರುತ್ತಾರೆ!

ಎರಡನೆಯದು ಕಂಪೈಲ್. ಎಲ್ಲವನ್ನೂ ಒಮ್ಮೆ ಕಂಪೈಲ್ ಮಾಡಿ. ಆಗದೇ ಇದ್ದವುಗಳನ್ನು ತೆರೆದು ನೋಡಿ. ಇಲ್ಲಿ ಸಿಗುವಷ್ಟು ಸುಳಿವು ಬೇರೆಲ್ಲೂ ಸಿಗುವುದಿಲ್ಲ.

ನಮ್ಮ ಹೈಯರ್ ಸೆಕೆಂಡರಿ ಲ್ಯಾಬುಗಳಲ್ಲಿ ಸಿ++ ಕಲಿಸುವುದು ಜೀನಿ ಎಡಿಟರ್ ಮತ್ತು ಜಿಸಿಸಿಯಲ್ಲಿ. ಅದರಲ್ಲಿ ‘ಕೊನಿಯೋ’ ಹೆಡರ್, ‘ಕ್ಲಿಯರ್ ಸ್ಕ್ರೀನ್’ಗೆ ಬರೆಯುವ ‘ಸಿಎಲ್‌ಆರ್‌ಎಸ್‌ಸಿಆರ್’, ಕೊನೆಯಲ್ಲಿ ‘ಗೆಟ್‌ಸಿಎಚ್’ ಇದ್ದರೆ ಕಂಪೈಲ್ ಆಗದು. ಅವು ಹಳೆ ಟರ್ಬೊ ಸಿ++ನವು. ಅಂದರೆ ಆ ಪ್ರೋಗ್ರಾಂ ಹಳೆಯ ರೆಕಾರ್ಡಿನಿಂದಲೋ ಯಾವುದೋ ಜಾಲತಾಣದಿಂದಲೋ ಬಂದಿದೆ, ಕಳಿಸಿದವರು ಲ್ಯಾಬಿನಲ್ಲಿ ಅದನ್ನು ಒಮ್ಮೆಯೂ ಓಡಿಸಿ ನೋಡಿಲ್ಲ. ಒಂದು ಎಚ್ಚರಿಕೆ: ಮಂಗಳೂರಿನ ಕಡೆ ಟ್ಯೂಷನ್‌ಗೆ ಹೋಗುವ ಮಗುವಿಗೆ ಅಲ್ಲಿ ಟರ್ಬೊದಲ್ಲೇ ಕಲಿಸಿರಬಹುದು. ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಸುಳಿವು ಉದ್ಧರಣ ಚಿಹ್ನೆ. ಪ್ರೋಗ್ರಾಂ ಎಡಿಟರಿನಲ್ಲಿ ಟೈಪ್ ಮಾಡಿದರೆ ನೇರ ಚಿಹ್ನೆ ಬರುತ್ತದೆ. ಬಾಗಿದ ಚಿಹ್ನೆ ಇದ್ದರೆ ಆ ಸಾಲು ವರ್ಡ್ ಅಥವಾ ಯಾವುದೋ ಪುಟದ ಮೂಲಕ ಹಾದು ಬಂದಿದೆ. ಕಣ್ಣಿಗೆ ಸಾದಾ ಖಾಲಿ ಜಾಗದಂತೆ ಕಂಡು ಕಂಪೈಲರಿಗೆ ಮಾತ್ರ ಬೇರೆಯಾಗಿ ಕಾಣುವ ಅಕ್ಷರವೂ ಹೀಗೇ ಬರುತ್ತದೆ. ಕಂಪೈಲರ್ ‘ಸ್ಟ್ರೇ’ ಎಂದು ದೋಷ ತೋರಿಸಿದರೆ ಇದನ್ನೇ ಮೊದಲು ನೋಡಿ.

ಹಂತ 5: ಜೇಪ್ಲ್ಯಾಗ್ ಓಡಿಸುವುದು

ಒಂದು ದೊಡ್ಡ ಫೋಲ್ಡರ್, ಅದರೊಳಗೆ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್. ಒಬ್ಬರ ಫೋಲ್ಡರಿನಲ್ಲಿ ಎಷ್ಟು ಫೈಲ್ ಇದ್ದರೂ ಅದು ಒಂದೇ ಸಲ್ಲಿಕೆ ಎಂದು ಲೆಕ್ಕ. ಒಂದು ಸಲಕ್ಕೆ ಒಂದೇ ಅಸೈನ್‌ಮೆಂಟ್ ಹಾಕಿ. ಐದು ಅಸೈನ್‌ಮೆಂಟ್ ಒಟ್ಟಿಗೆ ತುರುಕಿದರೆ ಒಂದರಲ್ಲಿ ಮಾಡಿದ ಕಾಪಿ ಉಳಿದ ನಾಲ್ಕರ ನಡುವೆ ಕರಗಿಹೋಗುತ್ತದೆ.

ಕಮಾಂಡಿನಲ್ಲಿ ಮೂರು ವಿಷಯ ಹೇಳಬೇಕು: ಭಾಷೆ, ಬೇಸ್ ಕೋಡ್ ಎಲ್ಲಿದೆ, ಮಕ್ಕಳ ಫೋಲ್ಡರ್ ಎಲ್ಲಿದೆ. ಭಾಷೆ ಹೇಳದಿದ್ದರೆ ಅದು ಜಾವಾ ಎಂದು ತಿಳಿದುಕೊಳ್ಳುತ್ತದೆ, ಪೈಥಾನ್ ಫೈಲುಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ‘ಸಲ್ಲಿಕೆಗಳೇ ಇಲ್ಲ’ ಎಂಬ ಉತ್ತರ ಬಂದರೆ ಕಾರಣ ಇದೇ.

ಕೆಲಸ ಮುಗಿದ ಮೇಲೆ ಪರದೆಯ ಮೇಲಿನ ಸಂದೇಶಗಳನ್ನು ಓದದೆ ಮುಂದೆ ಹೋಗಬೇಡಿ. ಬಹಳಷ್ಟು ಜನ ನೇರ ಫಲಿತಾಂಶಕ್ಕೆ ಹಾರುತ್ತಾರೆ. ಓದಲಾಗದ ಫೈಲುಗಳನ್ನು, ತೀರಾ ಸಣ್ಣದಾದ ಪ್ರೋಗ್ರಾಂಗಳನ್ನು ಜೇಪ್ಲ್ಯಾಗ್ ಹೋಲಿಕೆಯಿಂದ ಹೊರಗಿಡುತ್ತದೆ. ಪೈಥಾನ್ 2ರ ಹಳೆಯ ರೀತಿಯಲ್ಲಿ ಪ್ರಿಂಟ್ ಬರೆದ ಪ್ರೋಗ್ರಾಂ ಹೀಗೆ ಜಾರಿಕೊಳ್ಳುತ್ತದೆ. ನೀವು 42 ಕೊಟ್ಟು ಅದು 38 ಹೋಲಿಸಿದ್ದರೆ ಆ ನಾಲ್ಕು ಯಾರವು ಎಂದು ಬರೆದಿಟ್ಟು ಅವನ್ನು ಕೈಯಲ್ಲೇ ನೋಡಿ. ‘ಪಟ್ಟಿಯಲ್ಲಿ ಇಲ್ಲ’ ಅಂದರೆ ‘ಕಾಪಿ ಇಲ್ಲ’ ಅಂತ ಅಲ್ಲ.

ಮಾಸ್ ಓಡಿಸುವವರಿಗೆ ಎರಡು ಮಾತು. ಅದು 7690 ಎಂಬ ಪೋರ್ಟ್ ಬಳಸುತ್ತದೆ. ಕಾಲೇಜಿನ ನೆಟ್‌ವರ್ಕಿನಲ್ಲಿ ಅದನ್ನು ಮುಚ್ಚಿದ್ದರೆ ಸ್ಕ್ರಿಪ್ಟ್ ಮುಂದೆ ಹೋಗದೆ ನಿಲ್ಲುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮಾಡಿದರೆ ಸರಿಯಾಗಬಹುದು. ಎರಡನೆಯದು ಇನ್ನೂ ಮುಖ್ಯ. ಒಂದು ತುಂಡು ಹತ್ತಕ್ಕಿಂತ ಹೆಚ್ಚು ಪ್ರೋಗ್ರಾಂಗಳಲ್ಲಿ ಇದ್ದರೆ ಮಾಸ್ ಅದನ್ನು ‘ಟೀಚರ್ ಕೊಟ್ಟದ್ದು ಇರಬೇಕು’ ಎಂದು ಬಿಟ್ಟುಬಿಡುತ್ತದೆ. ಟೆಲಿಗ್ರಾಂ ಗುಂಪಿನಲ್ಲಿ ಬಂದ ಒಂದೇ ಫೈಲನ್ನು 15 ಜನ ಕಳಿಸಿದ್ದರೆ? ಆ 15 ಜನವೂ ಪಾರು! ‘ಮೈನಸ್ ಎಂ’ ಆಯ್ಕೆಯಲ್ಲಿ ಈ ಮಿತಿಯನ್ನು ತರಗತಿಯ ಸಂಖ್ಯೆಗಿಂತ ಜಾಸ್ತಿ ಮಾಡಿ. ಫಲಿತಾಂಶದ ಪುಟ 14 ದಿನ ಮಾತ್ರ ಇರುತ್ತದೆ, ಬೇಕಾದದ್ದನ್ನು ಅಷ್ಟರೊಳಗೆ ಇಳಿಸಿಕೊಳ್ಳಿ.

ಹಂತ 6: ಸಂಖ್ಯೆಗಳನ್ನು ಓದುವ ರೀತಿ

40 ಮಕ್ಕಳೆಂದರೆ 780 ಜೋಡಿ. 60 ಮಕ್ಕಳಾದರೆ 1770. ಎಲ್ಲವನ್ನೂ ಓದಲಾಗದು, ಮೇಲಿನಿಂದ ಓದುತ್ತಾ ಬರಬೇಕು. ಎಲ್ಲಿಯವರೆಗೆ?

‘50ರ ಮೇಲೆ ಕಾಪಿ’ ಎಂಬ ಗೆರೆ ಹಾಕಬೇಡಿ. ಅಂಥ ಗೆರೆ ಯಾವ ಅಸೈನ್‌ಮೆಂಟಿಗೂ ಇಲ್ಲ. ನೋಡಬೇಕಾದದ್ದು ಗುಂಪು ಎಲ್ಲಿದೆ, ಗುಂಪಿನಿಂದ ಹೊರಗೆ ಯಾರಿದ್ದಾರೆ ಎಂಬುದನ್ನು. ಉದಾಹರಣೆಗೆ ಹೆಚ್ಚಿನ ಜೋಡಿಗಳು 15ರಿಂದ 35ರ ಒಳಗಿದ್ದು, ನಾಲ್ಕು ಜೋಡಿಗಳು 80ರ ಮೇಲೆ ನಿಂತಿದ್ದರೆ ಆ ನಾಲ್ಕು ಮಾತಾಡುತ್ತವೆ. ಇಡೀ ತರಗತಿ 55ರಲ್ಲಿದ್ದರೆ 60ಕ್ಕೆ ಏನೂ ಅರ್ಥ ಇಲ್ಲ. ಮೇಲಿನಿಂದ ಒಂದೊಂದೇ ಜೋಡಿ ತೆರೆದು ಓದಿ. ಸಾಲಾಗಿ ಐದಾರು ಜೋಡಿ ಏನೂ ಇಲ್ಲದವು ಸಿಕ್ಕರೆ ನಿಲ್ಲಿಸಬಹುದು.

ಜೇಪ್ಲ್ಯಾಗ್ ಸರಾಸರಿ ಹೋಲಿಕೆ, ಗರಿಷ್ಠ ಹೋಲಿಕೆ ಎಂದು ಎರಡು ಕೊಡುತ್ತದೆ. ಎರಡನ್ನೂ ನೋಡಿ. ಒಬ್ಬನದ್ದು 100 ಟೋಕನ್, ಇನ್ನೊಬ್ಬಳದ್ದು 300, ಆ 100 ಪೂರ್ತಿ ಈ 300ರೊಳಗೆ ಇದೆ ಎನ್ನಿ. ಸರಾಸರಿ 50 ಮಾತ್ರ ಬರುತ್ತದೆ. ಗರಿಷ್ಠ 100. ಇನ್ನೊಬ್ಬರ ಪ್ರೋಗ್ರಾಮಿಗೆ ತನ್ನದನ್ನು ಸೇರಿಸಿ ಉದ್ದ ಮಾಡಿದವರು ಸರಾಸರಿ ಪಟ್ಟಿಯಲ್ಲಿ ಕೆಳಗೆ ಅಡಗಿರುತ್ತಾರೆ.

ಕಾಲೇಜಿನವರು ಇಲ್ಲಿ ಮಾಡುವ ದೊಡ್ಡ ತಪ್ಪು ಒಂದಿದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮಾವಳಿಯಲ್ಲಿ 10, 40, 60 ಪರ್ಸೆಂಟಿನ ಮಟ್ಟಗಳಿವೆ. ಅದನ್ನು ತಂದು ಪ್ರೋಗ್ರಾಮಿಗೆ ಅಂಟಿಸುತ್ತಾರೆ. ಆ ಮಟ್ಟಗಳು ಥೀಸಿಸ್, ಸಂಶೋಧನಾ ಲೇಖನಗಳಂಥ ಬರಹಕ್ಕೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್, ಕೋರ್ಸ್ ವರ್ಕ್ ಇವನ್ನೆಲ್ಲ ಆ ನಿಯಮಾವಳಿಯೇ ಹೊರಗಿಟ್ಟಿದೆ. ಅಡಿಕೆ ಬಿಲ್ಲಿಗೆ 10 ಪರ್ಸೆಂಟಿನ ಮಿತಿ ಹಾಕಿದರೆ ತರಗತಿಯಲ್ಲಿ ಯಾರೂ ಉಳಿಯುವುದಿಲ್ಲ.

ಹಂತ 7: ಜೋಡಿಯನ್ನು ಕಣ್ಣಿನಿಂದ ಓದುವುದು

ಸಮಯ ಕೊಡಬೇಕಾದದ್ದು ಇಲ್ಲಿ. ಎರಡು ಪ್ರೋಗ್ರಾಮನ್ನೂ ಪಕ್ಕಪಕ್ಕ ಇಟ್ಟು ಓದಿ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಬ್ಬರು ಬೇರೆ ಬೇರೆ ಕೂತು ಬರೆದಿದ್ದರೆ ಇದು ಹೀಗೇ ಬರಲು ಸಾಧ್ಯವಾ?

ಸರಿಯಾದದ್ದು ಒಂದೇ ತರ ಇದ್ದರೆ ಅದು ದುರ್ಬಲ ಸುಳಿವು. ಸರಿ ಉತ್ತರಕ್ಕೆ ದಾರಿ ಕಡಿಮೆ. ತಪ್ಪು ಒಂದೇ ತರ ಇದ್ದರೆ ಗಟ್ಟಿ ಸುಳಿವು. ತಪ್ಪು ಮಾಡಲು ಸಾವಿರ ದಾರಿ ಇರುವಾಗ ಇಬ್ಬರೂ ಒಂದೇ ದಾರಿ ಹಿಡಿದದ್ದು ಹೇಗೆ? ಇಬ್ಬರ ಬಿಲ್ಲಿನಲ್ಲೂ ಪಟೋರದ ಸ್ಪೆಲಿಂಗ್ ಒಂದೇ ರೀತಿ ತಪ್ಪಿದೆ. ಇಬ್ಬರೂ ಕರಿಗೋಟಿನ ದರವನ್ನು ಉಳ್ಳಿಗಡ್ಡೆಯ ತೂಕಕ್ಕೆ ಗುಣಿಸಿದ್ದಾರೆ. ಇಬ್ಬರೂ ಸರಾಸರಿ ದರ ತೆಗೆಯುವಾಗ ತೂಕ ಸೊನ್ನೆ ಇದ್ದರೆ ಏನು ಎಂದು ಯೋಚಿಸಿಲ್ಲ. ಮೊದಲ ಎರಡು ಗಟ್ಟಿ, ಮೂರನೆಯದು ಅಷ್ಟಕ್ಕಷ್ಟೆ. ಸೊನ್ನೆಯ ವಿಷಯ ಅರ್ಧ ತರಗತಿ ಮರೆತಿರುತ್ತದೆ. ಯಾವ ತಪ್ಪು ಎಷ್ಟು ಜನರಲ್ಲಿ ಇದೆ ಎಂದು ಎಣಿಸಿಯೇ ಅದಕ್ಕೆ ಬೆಲೆ ಕಟ್ಟಿ.

ಎಲ್ಲೂ ಬಳಸದೆ ಉಳಿದ ವೇರಿಯಬಲ್ ಗಮನಿಸಿ. ಇಬ್ಬರಲ್ಲೂ ಒಂದೇ ವೇರಿಯಬಲ್ ಕೆಲಸವಿಲ್ಲದೆ ಕೂತಿದ್ದರೆ ಅದು ಬಹಳ ಹೇಳುತ್ತದೆ. ಸಾಲಿನ ಕೊನೆಯಲ್ಲಿ ಸುಮ್ನೆ ಬಿದ್ದಿರುವ ಖಾಲಿ ಜಾಗಗಳು, ಒಂದು ಕಡೆ ಟ್ಯಾಬ್ ಒಂದು ಕಡೆ ಸ್ಪೇಸ್, ಎರಡು ಫಂಕ್ಷನ್ ನಡುವೆ ಮೂರೇ ಖಾಲಿ ಸಾಲು, ಇವೂ ಅಷ್ಟೆ. ಜೇಪ್ಲ್ಯಾಗ್ ಇವನ್ನು ನೋಡುವುದೇ ಇಲ್ಲ. ಡಿಫ್ ತೋರಿಸುತ್ತದೆ.

ನಮ್ಮ ಜಿಲ್ಲೆಗೇ ಸೇರಿದ ಒಂದು ಸುಳಿವೂ ಉಂಟು. ಕನ್ನಡ ವಿಭಾಗದ ಮಗುವಿನ ಪ್ರೋಗ್ರಾಮಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ತೂಕ್ಕಂ ನಲ್ಕುಕ’ ಎಂಬ ಸಂದೇಶ, ದರಕ್ಕೆ ‘ವಿಲ’ ಎಂಬ ಹೆಸರು. ಪಕ್ಕದ ಮಲಯಾಳ ಡಿವಿಜನ್ನಿನ ಫೈಲ್ ಇರಬಹುದು ಅಂತ ಅನಿಸುತ್ತದೆ. ಇರಲೂಬಹುದು. ಆದರೆ ಇಲ್ಲಿನ ಮಕ್ಕಳು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತಾಡುತ್ತಾರೆ. ಭಾಷೆ ಒಂದರಿಂದಲೇ ತೀರ್ಮಾನಿಸಬೇಡಿ. ಎರಡೂ ಡಿವಿಜನ್ನಿನ ಫೈಲುಗಳನ್ನು ಒಟ್ಟಿಗೆ ಜೇಪ್ಲ್ಯಾಗಿಗೆ ಹಾಕಿ ನೋಡಲು ಇದು ಒಳ್ಳೆಯ ಕಾರಣ, ಅಷ್ಟೆ. ಹಾಗೆ ನೋಡಿದರೆ, ಡಿವಿಜನ್ ಬೇರೆ ಬೇರೆ ಮಾಡಿ ಪರೀಕ್ಷಿಸುವುದೇ ತಪ್ಪು.

ಓದುತ್ತಾ ಹೋದಂತೆ ಬರೆದಿಡಿ: ಸಾಲಿನ ಸಂಖ್ಯೆ, ಏನು ಕಂಡಿತು, ಗಟ್ಟಿಯೋ ದುರ್ಬಲವೋ. ಮೂರು ಗಟ್ಟಿ ಸುಳಿವು ಇಲ್ಲದೆ ನಾನು ಮುಂದಿನ ಹಂತಕ್ಕೆ ಹೋಗುವುದಿಲ್ಲ.

ಹಂತ 8: ಚಾಟ್‌ಜಿಪಿಟಿ ಬರೆದದ್ದಾದರೆ

ಇದಕ್ಕೆ ಜೇಪ್ಲ್ಯಾಗ್, ಮಾಸ್ ಎರಡೂ ಸಾಲದು. ಹೋಲಿಸಲು ಇನ್ನೊಂದು ಫೈಲೇ ಇಲ್ಲವಲ್ಲ. ‘ಎಐ ಬರೆದದ್ದು 92 ಪರ್ಸೆಂಟ್’ ಎಂದು ಹೇಳುವ ಜಾಲತಾಣಗಳನ್ನು ನಂಬಿ ಮಾರ್ಕು ಕಳೆಯಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದ್ದೊಂದು ಪರೀಕ್ಷಕವನ್ನು ಬಿಟ್ಟು, ನಿಖರತೆ ಸಾಲದು ಎಂದು 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು.

ಗಮನಿಸಬಹುದಾದ ಗುರುತುಗಳು ಇವೆ. ಕಲಿಸದೇ ಇದ್ದ ವಿಷಯ ಸಲೀಸಾಗಿ ಬಂದಿರುತ್ತದೆ. ಲೂಪ್ ಮುಗಿಯದ ತರಗತಿಯಲ್ಲಿ ‘ಟ್ರೈ–ಎಕ್ಸೆಪ್ಟ್’ ಕಂಡರೆ ಕೇಳಲೇಬೇಕು. ಪ್ರತಿ ಸಾಲಿಗೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಕಾಮೆಂಟ್. ಹಿಂದಿನ ವಾರ ಸೆಮಿಕೋಲನ್ ಮರೆಯುತ್ತಿದ್ದವನ ಕೈಯಲ್ಲಿ ಒಮ್ಮೆಗೇ ಒಂದೇ ಅಳತೆಯ ಅಚ್ಚುಕಟ್ಟು. ಆದರೆ ಇದೆಲ್ಲ ಸಂಶಯಕ್ಕೆ ಕಾರಣ ಮಾತ್ರ. ಸಾಕ್ಷಿ ಸಿಗುವುದು ಮುಂದಿನ ಹಂತದಲ್ಲಿ.

ಹಂತ 9: ವೈವಾ

ಇಬ್ಬರನ್ನೂ ಒಂದೇ ದಿನ, ಬೇರೆ ಬೇರೆಯಾಗಿ, ನಡುವೆ ಮಾತಾಡಲು ಬಿಡದೆ ಕರೆಯಿರಿ. ಜೊತೆಗೆ ಇನ್ನೊಬ್ಬರು ಅಧ್ಯಾಪಕರಿರಲಿ. ತರಗತಿಯ ಎದುರು ಕೇಳುವುದು ಬೇಡವೇ ಬೇಡ. ಹತ್ತು ನಿಮಿಷ ಸಾಕು. ‘ಕಾಪಿ ಮಾಡಿದ್ದೀಯಾ?’ ಎಂದು ಶುರು ಮಾಡಬೇಡಿ. ಹೆದರಿದ ಮಗು ಮಾಡದ್ದನ್ನೂ ಒಪ್ಪಿಕೊಳ್ಳುತ್ತದೆ, ಧೈರ್ಯದ ಮಗು ಮಾಡಿದ್ದನ್ನೂ ಇಲ್ಲ ಎನ್ನುತ್ತದೆ.

ಪ್ರೋಗ್ರಾಂ ಎದುರಿಗಿಟ್ಟು ಹೀಗೆ ಕೇಳಿ:

‘ಐದು ವರ್ಗಕ್ಕೆ ಅರೇ ಯಾಕೆ ತೆಗೆದುಕೊಂಡೆ? ಬೇರೆ ಹೇಗೆ ಮಾಡಬಹುದಿತ್ತು?’

‘ಈ 31ನೇ ಸಾಲು ತೆಗೆದರೆ ಬಿಲ್ಲಿನಲ್ಲಿ ಏನು ಬದಲಾಗುತ್ತದೆ? ಓಡಿಸದೆ ಹೇಳು.’

‘ಈ ವೇರಿಯಬಲ್ ಎಲ್ಲಿ ಉಪಯೋಗ ಆಗಿದೆ ತೋರಿಸು.’

ಆಮೇಲೆ ಕೀಬೋರ್ಡ್ ಕೊಡಿ. ‘ಆರನೆಯ ವರ್ಗ ಒಂದು ಸೇರಿಸು’ ಎನ್ನಿ. ತಾನೇ ಬರೆದವನು ತಡವರಿಸಿದರೂ ಸರಿಯಾದ ಜಾಗಕ್ಕೆ ಹೋಗುತ್ತಾನೆ. ಬರೆಯದವನಿಗೆ ಎಲ್ಲಿ ಮುಟ್ಟಬೇಕು ಎಂದೇ ಗೊತ್ತಾಗುವುದಿಲ್ಲ. ಈ ಒಂದು ಪ್ರಶ್ನೆ ಮೇಲಿನ ಮೂರಕ್ಕಿಂತ ಜಾಸ್ತಿ ಹೇಳುತ್ತದೆ.

ಇಲ್ಲಿ ನಮ್ಮ ಕಡೆಯವರು ವಿಶೇಷ ಜಾಗ್ರತೆ ಮಾಡಬೇಕು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ಮಗು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಕೇಳಿದರೆ ಬಾಯಿ ಬಿಡುವುದಿಲ್ಲ. ಅದು ಕಾಪಿಯ ಗುರುತಲ್ಲ. ಕನ್ನಡದಲ್ಲಿ ಹೇಳು ಎಂದರೆ ಅದೇ ಮಗು ಲೂಪನ್ನು ಬಿಡಿಸಿ ಬಿಡಿಸಿ ಹೇಳುತ್ತದೆ. ನಿಮಗೆ ಕನ್ನಡ ಬಾರದಿದ್ದರೆ ಬರುವ ಸಹೋದ್ಯೋಗಿಯನ್ನು ಜೊತೆಗೆ ಕೂರಿಸಿ. ಮಾತು ಕಷ್ಟವಾದರೆ ಕಾಗದದಲ್ಲಿ ಚಿತ್ರ ಬರೆದು ತೋರಿಸಲು ಹೇಳಿ.

ಹಂತ 10: ಯಾರಿಂದ ಯಾರಿಗೆ?

ಯಾವ ಸಾಫ್ಟ್‌ವೇರೂ ಇದನ್ನು ಹೇಳುವುದಿಲ್ಲ. ಹೋಲಿಕೆಗೆ ದಿಕ್ಕಿಲ್ಲ. ಮೊದಲು ಕಳಿಸಿದವರೇ ಬರೆದವರು ಎಂದೂ ಇಲ್ಲ. ಕೊಟ್ಟವನು ಮರೆತು ಕೊನೆಯ ನಿಮಿಷದಲ್ಲಿ ಕಳಿಸಿರುತ್ತಾನೆ, ಪಡೆದವನು ಹಿಂದಿನ ದಿನವೇ ಕಳಿಸಿರುತ್ತಾನೆ.

ಅರ್ಧ ಬದಲಿಸಿದ ಹೆಸರುಗಳು ಸ್ವಲ್ಪ ದಾರಿ ತೋರಿಸುತ್ತವೆ. ಒಬ್ಬಳಲ್ಲಿ ಎಲ್ಲ ಕಡೆ ‘ಮೊತ್ತ’ ಎಂದಿದೆ. ಇನ್ನೊಬ್ಬಳಲ್ಲಿ ಹತ್ತು ಕಡೆ ‘ಟೋಟಲ್’, ಒಂದು ಕಾಮೆಂಟಿನೊಳಗೆ ಮಾತ್ರ ‘ಮೊತ್ತ’ ಉಳಿದುಬಿಟ್ಟಿದೆ. ಬದಲಿಸಿದ್ದು ಎರಡನೆಯವಳು ಎಂದು ಊಹಿಸಬಹುದು. ವೈವಾದ ಉತ್ತರ ಇದಕ್ಕೆ ಹೊಂದಿದರೆ ಮಾತ್ರ ಒಪ್ಪಿ.

ಕೊಟ್ಟವರಿಗೆ ಗೊತ್ತೇ ಇಲ್ಲದೆಯೂ ಫೈಲ್ ಹೋಗುತ್ತದೆ. ಲ್ಯಾಬಿನಲ್ಲಿ ಎಲ್ಲರಿಗೂ ಒಂದೇ ಲಾಗಿನ್, ಎಲ್ಲರ ಫೈಲೂ ಒಂದೇ ಡೆಸ್ಕ್‌ಟಾಪಿನಲ್ಲಿ. ಬೆಳಗ್ಗಿನ ಬ್ಯಾಚಿನವರು ಬಿಟ್ಟುಹೋದದ್ದು ಮಧ್ಯಾಹ್ನದವರಿಗೆ ಊಟ. ‘ಇಬ್ಬರಿಗೂ ಸೊನ್ನೆ’ ಎನ್ನುವ ಮೊದಲು ನಿಮ್ಮ ಲ್ಯಾಬ್ ಹೇಗಿದೆ ಎಂದು ಒಮ್ಮೆ ಹೋಗಿ ನೋಡಿ.

ಹಂತ 11: ತೀರ್ಮಾನ ಮತ್ತು ದಾಖಲೆ

ಇಂಟರ್ನಲ್ ಮಾರ್ಕಿನ ವಿಷಯ ಒಬ್ಬರೇ ತೀರ್ಮಾನಿಸಬೇಡಿ. ನಿಮ್ಮ ವಿಭಾಗದ ನಿಯಮ ಮೊದಲು ನೋಡಿ, ಮುಖ್ಯಸ್ಥರ ಎದುರು ಇಡಿ. ಇಡಬೇಕಾದದ್ದು ಒಂದೇ ಹಾಳೆ: ಅಸೈನ್‌ಮೆಂಟಿನ ಕೆಳಗೆ ಅಚ್ಚಾದ ನಿಯಮ, ಎರಡು ಪ್ರೋಗ್ರಾಮಿನ ಹೊಂದುವ ಸಾಲುಗಳು, ಗಟ್ಟಿ ಸುಳಿವುಗಳ ಪಟ್ಟಿ, ವೈವಾದಲ್ಲಿ ಕೇಳಿದ್ದು ಮತ್ತು ಬಂದ ಉತ್ತರ, ಮಗುವಿನ ಮಾತು. ಪರ್ಸೆಂಟ್ ಬೇಕಾದರೆ ಕೊನೆಯಲ್ಲಿ ಸಣ್ಣದಾಗಿ ಬರೆಯಿರಿ.

ಸುಳಿವು ಇದೆ, ಆದರೆ ವೈವಾದಲ್ಲಿ ಮಗು ಎಲ್ಲ ಸರಿಯಾಗಿ ಹೇಳಿತು ಎನ್ನಿ. ಆಗ ಮಾರ್ಕು ಮುಟ್ಟಬೇಡಿ. ಮುಂದಿನ ಸಲ ನೋಡಿದರಾಯಿತು.

ಎಲ್ಲ ಮುಗಿದ ಮೇಲೆ ಈ ವರ್ಷದ ಫೈಲುಗಳನ್ನು, ಹೆಸರು ತೆಗೆದು, ಅಸೈನ್‌ಮೆಂಟಿನ ಹೆಸರು ಮತ್ತು ವರ್ಷ ಹಾಕಿ ‘ಹಳೆಯವು’ ಎಂಬ ಫೋಲ್ಡರಿಗೆ ಸೇರಿಸಿ. ಮಾರ್ಕಿನ ಬಗ್ಗೆ ದೂರು ಕೊಡುವ ಅವಧಿ ಮುಗಿಯುವವರೆಗೆ ಹೆಸರಿರುವ ಮೂಲ ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಆಮೇಲೆ ಅಳಿಸಿಬಿಡಿ.